ಪಾಟಿ ಯಾರದು?

ಕಾಕ್ಸ್‌ಟೌನ್, ಬೆಂಗಳೂರು
೨ ಆಗಸ್ಟ್ ೨೦೦೪

ಪ್ರೀತಿಯ ಜಯಾ,

ಕೈಬರಹ ನೋಡಿದ ಕೂಡಲೇ ಯಾರೆಂದು ಗೊತ್ತಾಗಿರುತ್ತದೆ. ನಿನ್ನ ಮನೆಯ ವಿಳಾಸ ಸಿಗಲಿಲ್ಲ. ರಾಯಚೂರಿನ ಕಾಲೇಜಿನಲ್ಲಿ ಗಣಿತ ಕಲಿಸುತ್ತೀಯೆಂದು ಯಾರೋ ಹೇಳಿದ್ದರು, ಅಲ್ಲಿಗೇ ಬರೆಯುತ್ತಿದ್ದೇನೆ. ನೀನು ನಮ್ಮ ಮಹಡಿ ರೂಮು ಬಿಟ್ಟು ಹೋಗಿ ಹನ್ನೆರಡು ವರ್ಷ. ಕೆಲಸ, ಸಂಸಾರ, ಈ ಕೇಂದ್ರ ಎನ್ನುತ್ತ ಕಾಲ ಹೋದದ್ದೇ ತಿಳಿಯಲಿಲ್ಲ. ನಿನಗೂ ಹಾಗೇ ಆಗಿರಬೇಕು.

ಮೊನ್ನೆ ಅಟ್ಟ ಗುಡಿಸುವಾಗ ನಮ್ಮ ಹಳೇ ಕಂಪ್ಯೂಟರ್ ಸಿಕ್ಕಿತು. ಅಪ್ಪ ಶಿವಶಂಕರಪ್ಪನವರು ಆಫೀಸಿನ ಗೆಳೆಯರಿಂದ ತಂದದ್ದು, ಕೀಲಿಮಣೆಯೊಳಗೇ ಇಡೀ ಯಂತ್ರ. ಧೂಳು ಒರೆಸಿ ಟೀವಿಗೆ ಜೋಡಿಸಿ, ಚಾನೆಲ್ ಗುಂಡಿಯನ್ನು ನಿಧಾನವಾಗಿ ತಿರುಗಿಸಿದೆ. ಮರಳು ಸುರಿದ ಹಾಗಿದ್ದ ಪರದೆ ಒಂದು ಕಡೆ ತಟ್ಟನೆ ಬೆಳ್ಳಗಾಗಿ, ಕೆಳಗಡೆ ಆ ಒಂದು ಸಾಲು ಬಂತು. ಜಯಾ, ನಾನು ಒಬ್ಬಳೇ ಕೂತು ಚಪ್ಪಾಳೆ ತಟ್ಟಿದೆ.

ನಮ್ಮ ಮಕ್ಕಳ ಕಂಪ್ಯೂಟರ್ ಕೇಂದ್ರಕ್ಕೆ ಈ ವರ್ಷ ಹತ್ತು ತುಂಬಿತು. ‘ಪಾಟಿ’ ಎಂದೇ ಹೆಸರಿಟ್ಟಿದ್ದೆ, ನೀನು ಕೇಳಿರಬಹುದು. ಬಾಣಸವಾಡಿಯಲ್ಲಿ, ಕೆ.ಆರ್.ಪುರದಲ್ಲಿ ಶಾಖೆಗಳಿವೆ. ನವೆಂಬರ್ ಹದಿನಾಲ್ಕರ ಕಾರ್ಯಕ್ರಮದಲ್ಲಿ ಮಕ್ಕಳಿಗೆ ಆ ಹಳೇ ಯಂತ್ರದ ಮೇಲೆ, ಆ ಹಳೇ ‘ಪಾಟಿ’ ಪ್ರೋಗ್ರಾಮನ್ನೇ ಓಡಿಸಿ ತೋರಿಸಬೇಕೆಂದು ಆಸೆ. ಆದರೆ ಪ್ರೋಗ್ರಾಮು ತುಂಬಿಟ್ಟಿದ್ದ ಕ್ಯಾಸೆಟ್ ಹಾಕಿದರೆ ಕಂಪ್ಯೂಟರ್ ಸುಮ್ಮನೆ ಕೂತುಬಿಟ್ಟಿತು. ಸದ್ದು ಜೋರು ಮಾಡಿದಾಗ ಗುಟ್ಟು ತಿಳಿಯಿತು: ಅಮ್ಮ ಹಾಡುತ್ತಿದ್ದಾರೆ! ಯಾವಾಗಲೋ ಪ್ರೋಗ್ರಾಮಿನ ಆ ಕಿರುಚಾಟ ಕೇಳಿ, “ಕ್ಯಾಸೆಟ್ ಕೆಟ್ಟು ಹೋಗೇತಿ” ಅಂದುಕೊಂಡು, ಎರಡೂ ಕಡೆ ವಚನ ತುಂಬಿಸಿಬಿಟ್ಟಿದ್ದಾರೆ. ಕೇಳಿದರೆ, “ಚಲೋನ ಆತಲ್ಲ, ಕಿರುಚೋದಕ್ಕಿಂತ ಶರಣರ ಮಾತು ಬೇಷ” ಎನ್ನುತ್ತಾರೆ.

ನಿನ್ನ ಹತ್ತಿರ ಒಂದು ಪ್ರತಿ ಇತ್ತಲ್ಲವೇ? ಇದ್ದರೆ ಕಳಿಸು. ಪಕ್ಕದ ಮನೆ ಇಮಾಮ್ ಬೀ ನಿನ್ನನ್ನು ನೆನೆಸಿಕೊಂಡರು: “ಆ ರಾಯಚೂರ್ ಬೇಟಿ ಎಲ್ಲಿ? ಟೇಪ್‌ನಲ್ಲಿ ದಿನಾ ಬೆಕ್ಕು ಕೊಲ್ತಿದ್ಳಲ್ಲಾ!”

ನಿನ್ನ
ಅಂಜಲಿ

*

ರಾಯಚೂರು
೧೫ ಆಗಸ್ಟ್ ೨೦೦೪

ಅಂಜಲಿ,

ಕಾಗದ ತಲುಪಿತು. ಸ್ಟಾಫ್ ರೂಮಿನಲ್ಲಿ ಎಲ್ಲರ ಮುಂದೆ ಒಡೆದು ಓದಿ, ಮಡಚಿ ಇಟ್ಟೆ.

ನನ್ನ ಹತ್ತಿರ ಕ್ಯಾಸೆಟ್ ಇಲ್ಲ. ನಾನು ನಿಮ್ಮ ಮನೆಯಿಂದ ಒಂದು ಟ್ರಂಕು, ಒಂದು ಹಾಸಿಗೆ ಸುರುಳಿ ಬಿಟ್ಟು ಬೇರೇನೂ ತಂದಿರಲಿಲ್ಲ. ಆದರೆ ‘ಪಾಟಿ’ ನನ್ನ ತಲೆಯಲ್ಲಿದೆ. ಎಷ್ಟೋ ಕವಿತೆಗಳು ಬಾಯಿಗೆ ಬರುತ್ತವಲ್ಲ, ಅವುಗಳ ಜೊತೆಯಲ್ಲೇ ಅದೂ ಕೂತಿದೆ. ಸಾಲು ಸಾಲಾಗಿ ಬರೆದು ಕಳಿಸುತ್ತೇನೆ. ಆಗ ನಾವು ಪತ್ರಿಕೆಗಳಲ್ಲಿ ಅಚ್ಚಾದ ಪ್ರೋಗ್ರಾಮುಗಳನ್ನು ಒಬ್ಬರು ಓದುತ್ತ ಒಬ್ಬರು ಟೈಪ್ ಮಾಡುತ್ತಿರಲಿಲ್ಲವೇ, ಹಾಗೇ ನೀನು ಕಾಗದ ನೋಡಿ ಟೈಪ್ ಮಾಡು. ಈಮೇಲ್ ಬೇಡ. ಆ ಯಂತ್ರಕ್ಕೆ ಕಾಗದವೇ ಮರ್ಯಾದೆ.

ಇದರ ಜೊತೆ ಮೊದಲ ಭಾಗವಿದೆ. ಮಗು ಒಂದು ಕೀಲಿ ಒತ್ತಿದರೆ ಅಕ್ಷರ ಗೆರೆಗೆರೆಯಾಗಿ ಮೂಡುತ್ತದೆ, ಬಳಪದ ಹಾಗೆ ಚಿಕ್ಕ ಸದ್ದೂ ಬರುತ್ತದೆ. ‘ಅ’ದಿಂದ ‘ಅಃ’ ತನಕ ಎಲ್ಲ ಮುಗಿಸಿದ ಮಗುವಿಗೆ ಕೊನೆಯಲ್ಲಿ ಪರದೆ ತುಂಬ ‘ಶಾಬಾಸ್’ ಬರುತ್ತದೆ. ನಿನಗೆ ನೆನಪಿರಬೇಕು. ಅಕ್ಷರಗಳ ಆಕಾರ ಹೇಳುವ ಅಂಕಿಗಳನ್ನು ಚೌಕುಳಿ ಹಾಳೆಯ ಮೇಲೆ ಹೊಸದಾಗಿ ಬರೆದು ಲೆಕ್ಕ ಹಾಕಿದ್ದೇನೆ.

ಒಂದು ಮಾತು. ಬೆಂಗಳೂರಿನವರು ‘ಸ್ಲೇಟು’ ಎನ್ನುತ್ತಾರೆ. ‘ಪಾಟಿ’ ನಮ್ಮ ಕಡೆಯ ಮಾತು. ನಿನ್ನ ಕೇಂದ್ರದ ಬೋರ್ಡು ನೋಡಿದವರು ಅದರ ಅರ್ಥ ಕೇಳುವುದಿಲ್ಲವೇ? ಏನು ಹೇಳುತ್ತೀ?

ಜಯಮಾಲಾ

*

ರಾಯಚೂರು
೧೬ ಆಗಸ್ಟ್ ೨೦೦೪
(ಬರೆದು ಕಳಿಸದೆ ಇಟ್ಟುಕೊಂಡದ್ದು)

ಅಂಜಲಿ,

“ಕಾಲ ಹೋದದ್ದೇ ತಿಳಿಯಲಿಲ್ಲ” ಎಂದು ನೀನು ಬರೆದೆ. ನನಗೆ ತಿಳಿದಿದೆ.

ಹನ್ನೆರಡು ವರ್ಷದ ಹಿಂದೆ ಅವ್ವ ಬಿದ್ದು ಸೊಂಟ ಮುರಿದುಕೊಂಡಳೆಂದು ನಾನು ಊರಿಗೆ ಬಂದೆ. ಹಲಸೂರಿನ ಮಕ್ಕಳ ಪುಸ್ತಕದ ಪ್ರಕಾಶಕರು ಕನ್ನಡ ಪ್ರೋಗ್ರಾಮುಗಳ ಸ್ಪರ್ಧೆ ಇಟ್ಟಿದ್ದರು. ಗೆದ್ದವರಿಗೆ ಅಂಥವೇ ಪ್ರೋಗ್ರಾಮು ಬರೆಯುವ ಕೆಲಸ. ರೈಲು ಹೊರಡುವಾಗ ಕಿಟಕಿಯಿಂದ ನಿನಗೆ ಹೇಳಿದ್ದೆ: “ಇಬ್ರ ಹೆಸರೂ ಹಾಕಿ ಕೊಡು.” ನೀನು ತಲೆ ಆಡಿಸಿದೆ. ಬಹುಮಾನದ ಸುದ್ದಿ ನನಗೆ ಸಿಕ್ಕಿದ್ದು ಆಸ್ಪತ್ರೆಯಲ್ಲಿ, ಯಾರೋ ಇಡ್ಲಿ ಕಟ್ಟಿಕೊಂಡು ಬಂದ ಪೇಪರಿನಲ್ಲಿ. ನಿನ್ನ ಫೋಟೊ, ನಿನ್ನ ಹೆಸರು. ‘ಕುಮಾರಿ ಅಂಜಲಿ ಅವರು ಒಬ್ಬರೇ ತಯಾರಿಸಿದ.’

ಬೆಂಗಳೂರಿಗೆ ಬಂದಾಗ ನೀನು ಮನೆಯಲ್ಲಿರಲಿಲ್ಲ. ಇದ್ದರೂ ಹೊರಗೆ ಬರಲಿಲ್ಲವೋ ಏನೋ. ಬಾಗಿಲಲ್ಲಿ ನಿಂತದ್ದು ನಿಮ್ಮಮ್ಮ ಕಮಲವ್ವ. “ಮಷೀನು ನಮ್ದು, ಕರೆಂಟು ನಮ್ದು, ಟೀವೀನೂ ನಮ್ದು. ನಿಂದೇನೈತವ್ವ ಇದ್ರಾಗ?” ಎಂದರು. ನಾನು ಮಹಡಿಗೆ ಹೋಗಿ ಟ್ರಂಕು ಕಟ್ಟಿದೆ.

‘ಪಾಟಿ’ಯ ಪ್ರತಿ ಸಾಲೂ ನನ್ನದು. ನೀನು ಪಕ್ಕದಲ್ಲಿ ಕೂತು ಚೌಕುಳಿ ತುಂಬಿಸುತ್ತಿದ್ದೆ, ಅಷ್ಟೆ. ಆ ಮೇಲೆ ನಾನು ಒಂದು ಸಾಲನ್ನೂ ಬರೆಯಲಿಲ್ಲ. ಕಾಲೇಜಿಗೆ ಕಂಪ್ಯೂಟರ್ ಬಂದಾಗಲೂ ಅದರ ಹತ್ತಿರ ಹೋಗಲಿಲ್ಲ. ನಿನಗೆ ಸಿಕ್ಕಿದ್ದು ಬಹುಮಾನ. ನನ್ನಿಂದ ಹೋದದ್ದು, ಕೈ ಇಟ್ಟರೆ ಏನೋ ಹುಟ್ಟುತ್ತದೆ ಎಂಬ ನಂಬಿಕೆ.

ಈಗ ನಿನಗೆ ‘ಪಾಟಿ’ ಬೇಕು. ಕೊಡುತ್ತೇನೆ. ‘ಶಾಬಾಸ್’ ಇರುವ ಜಾಗದಲ್ಲಿ ಬೇರೆ ಮಾತಿನ ಅಂಕಿಗಳನ್ನು ಬರೆಯುತ್ತೇನೆ. ‘ಕದ್ದ ಮಾಲು.’ ಟೀವಿ ತುಂಬ, ನೀನು ಕರೆದ ಅಷ್ಟೂ ಜನರ ಎದುರಿಗೆ. ಅಂಕಿಗಳ ಸಾಲು ನೋಡಿ ಅದರಲ್ಲಿ ಏನು ಅಡಗಿದೆಯೆಂದು ಯಾರೂ ಹೇಳಲಾರರು. ಕೊನೆತನಕ ಓಡಿಸಿ ಪರೀಕ್ಷಿಸುವ ತಾಳ್ಮೆ ನಿನಗೆ ಯಾವತ್ತೂ ಇರಲಿಲ್ಲ.

ಈ ಕಾಗದ ಕಳಿಸುವುದಿಲ್ಲ. ಕೊನೆಯ ಭಾಗವೇ ನನ್ನ ಕಾಗದ.

*

ಕಾಕ್ಸ್‌ಟೌನ್
೫ ಸೆಪ್ಟೆಂಬರ್ ೨೦೦೪

ಪ್ರೀತಿಯ ಜಯಾ,

ನಿನ್ನ ಕಾಗದಗಳನ್ನು ಟೀವಿಯ ಪಕ್ಕ ಒರಗಿಸಿಟ್ಟುಕೊಂಡು ಭಾನುವಾರವೆಲ್ಲ ಟೈಪ್ ಮಾಡಿದೆ. ಏನು ಸುಖ! ಈಗಿನ ಕಂಪ್ಯೂಟರಿಗೆ ನಾನು ಏನು ಹೇಳಿದರೂ ಅದು ಒಳಗೇ ಏನೋ ಮಾಡಿಕೊಳ್ಳುತ್ತದೆ. ಇದು ಹಾಗಲ್ಲ. ನಾನು ಒಂದು ಸಾಲು ಕೊಟ್ಟರೆ ಒಂದು ಸಾಲಿನಷ್ಟೇ ತಿಳಿವಳಿಕೆ ಅದಕ್ಕೆ. ಅದರ ಬೆನ್ನು ಬೆಚ್ಚಗಾಗುವುದು, ಚಳಿಗೆ ನಾವು ಅದರ ಮೇಲೆ ಕೈ ಇಟ್ಟು ಕೂರುತ್ತಿದ್ದದ್ದು, ಎಲ್ಲ ನೆನಪಾಯಿತು. ಅರ್ಧ ಮುಗಿದಿತ್ತು, ಕರೆಂಟು ಹೋಯಿತು. ಕ್ಯಾಸೆಟ್ಟಿಗೆ ಇಳಿಸಿರಲಿಲ್ಲ. ಎಲ್ಲ ಅಳಿಸಿಹೋಯಿತು! ಅಮ್ಮ ಒಳಗಿನಿಂದ, “ಆಗೂ ಹಿಂಗ ಅಳತಿದ್ರಿ ಇಬ್ರೂ” ಎಂದರು. ನಕ್ಕು ಮತ್ತೆ ಮೊದಲಿನಿಂದ ಕೂತೆ.

ಇನ್ನೊಂದು, ಬೇಸರ ಮಾಡಿಕೊಳ್ಳಬೇಡ. ನೀನು ಕಳಿಸಿದ ‘ಅ’ದ ಹೊಟ್ಟೆ ಸೊಟ್ಟಗಿತ್ತು. ‘ಈ’ ಮುಂದಕ್ಕೆ ಮುಗ್ಗರಿಸಿ ಬೀಳುವ ಹಾಗಿತ್ತು. ಎರಡನ್ನೂ ಸರಿಮಾಡಿಕೊಂಡೆ.

ಬೋರ್ಡಿನ ಬಗ್ಗೆ ಕೇಳಿದ್ದೆ. ‘ಪಾಟಿ’ ಎಂದರೇನೆಂದು ಯಾರಾದರೂ ಕೇಳಿದರೆ, ನಮ್ಮ ಹುಬ್ಬಳ್ಳಿ ಕಡೆಯೂ ಹಾಗೇ ಅನ್ನುತ್ತೇವೆ ಎನ್ನುತ್ತೇನೆ. ಸುಳ್ಳಲ್ಲವಲ್ಲ.

ಕೊನೆಯ ಭಾಗ ಬೇಗ ಕಳಿಸು.

ಅಂಜಲಿ

*

ರಾಯಚೂರು
೨೦ ಸೆಪ್ಟೆಂಬರ್ ೨೦೦೪

ಅಂಜಲಿ,

ಸುಳ್ಳಲ್ಲ. ನೀನು ಸುಳ್ಳು ಹೇಳುವವಳಲ್ಲ, ಒಂದೆರಡು ಮಾತು ಹೇಳದೆ ಬಿಡುವವಳು.

ಕೊನೆಯ ಭಾಗ ಇದರ ಜೊತೆ ಇದೆ. ಹೆಚ್ಚಿನದು ಬರೀ ಅಂಕಿಗಳು. ಅಕ್ಷರ ಚೆನ್ನಾಗಿಲ್ಲವೆಂದು ತಿದ್ದುವ ಕೆಲಸ ಇಲ್ಲಿ ಬೇಡ. ಒಂದು ಅಂಕಿ ಆಚೀಚೆಯಾದರೂ ಎಲ್ಲ ಕೆಡುತ್ತದೆ. ಇದ್ದದ್ದನ್ನು ಇದ್ದ ಹಾಗೆ ಟೈಪ್ ಮಾಡು.

ನಿಜ ಹೇಳಬೇಕೆಂದರೆ ಇದನ್ನು ಮತ್ತೆ ಬರೆಯುವುದು ಸುಲಭವಿರಲಿಲ್ಲ. ಯಂತ್ರವಿಲ್ಲ, ಪರದೆಯಿಲ್ಲ, ಕಾಗದದ ಮೇಲೆ ಬೆರಳಿಟ್ಟು ಒಂದೊಂದೇ ಸಾಲನ್ನು ಮನಸ್ಸಿನಲ್ಲಿ ಓಡಿಸಿದೆ. ಒಂದು ಕಡೆ ಸಿಕ್ಕಿಬಿದ್ದು ಎರಡು ದಿನ ಒದ್ದಾಡಿ, ಕ್ಲಾಸಿನಲ್ಲಿ ಬೇರೇನೋ ಕಲಿಸುತ್ತಿದ್ದಾಗ ಬಿಡಿಸಿಕೊಂಡಿತು. ಪಾಠ ನಿಲ್ಲಿಸಿ ಹಾಜರಿ ಪುಸ್ತಕದ ಹಿಂದೆ ಬರೆದುಕೊಂಡೆ. ಹುಡುಗಿಯರು ನಕ್ಕರು. ಬಹಳ ವರ್ಷಗಳ ಮೇಲೆ ನಾನೂ ನಕ್ಕೆ. ಆ ನಗು ಬಂದದ್ದಕ್ಕೆ ನಿನ್ನ ಮೇಲೆ ಇನ್ನೂ ಸಿಟ್ಟು ಬಂತು, ಯಾಕೆಂದು ಕೇಳಬೇಡ.

ಅಂದು ಸಭೆಯಲ್ಲಿ ಮೊದಲ ಮಗುವನ್ನು ‘ಅಃ’ ತನಕ ಆಡಲು ಬಿಡು. ನಡುವೆ ನಿಲ್ಲಿಸಬೇಡ.

ಜಯಮಾಲಾ

*

ಕಾಕ್ಸ್‌ಟೌನ್
೧೦ ಅಕ್ಟೋಬರ್ ೨೦೦೪

ಜಯಾ,

ಎಲ್ಲ ಟೈಪ್ ಮಾಡಿ ಮುಗಿಸಿದೆ. ಮೂರು ಕ್ಯಾಸೆಟ್ಟಿಗೆ ಇಳಿಸಿ, ಅಮ್ಮ ಮತ್ತೆ ಹಾಡಬಾರದೆಂದು ಮೂರರ ಬೆನ್ನಿನ ಪ್ಲಾಸ್ಟಿಕ್ ಹಲ್ಲನ್ನೂ ಮುರಿದಿಟ್ಟಿದ್ದೇನೆ.

ಕೊನೆಯ ಭಾಗದ ಅಂಕಿಗಳನ್ನು ನೀನು ಇನ್ನೊಂದು ಸಲ ನೋಡುವುದು ಒಳ್ಳೆಯದು ಅನ್ನಿಸುತ್ತದೆ. ಬರೆಯುವಾಗ ಮನಸ್ಸು ಬೇರೆಲ್ಲೋ ಇದ್ದಿರಬಹುದು. ಬದಲಾಯಿಸುವುದಿದ್ದರೆ ಹೊಸ ಅಂಕಿ ಬರೆದು ಕಳಿಸು, ಯಾಕೆ ಏನು ಎಂದು ನಾನು ಕೇಳುವುದಿಲ್ಲ. ಇನ್ನೂ ಒಂದು ತಿಂಗಳು ಇದೆ.

ಅಂಜಲಿ

*

ರಾಯಚೂರು
೧೮ ಅಕ್ಟೋಬರ್ ೨೦೦೪
(ಅಂಚೆ ಕಾರ್ಡು)

ಅಂಕಿಗಳು ಸರಿಯಾಗಿವೆ. ಒಂದನ್ನೂ ಮುಟ್ಟಬೇಡ.

ಜ.

*

ಕಾಕ್ಸ್‌ಟೌನ್
೨೦ ನವೆಂಬರ್ ೨೦೦೪

ಜಯಮಾಲಾ,

ನಿನಗೆ ಬೇಕಾದದ್ದು ಆಯಿತು. ಹೇಗಾಯಿತೆಂದು ತಿಳಿಯದೆ ಇನ್ನೆಷ್ಟು ದಿನ ಕಾಯುತ್ತೀ, ಕೇಳು.

ಹಾಲ್ ತುಂಬಿತ್ತು. ಮೂರೂ ಕಡೆಯ ಮಕ್ಕಳು ಮುಂದೆ ಜಮಖಾನದ ಮೇಲೆ, ಹಿಂದೆ ಕುರ್ಚಿಗಳಲ್ಲಿ ಅವರ ಅಪ್ಪ ಅಮ್ಮಂದಿರು. ಮುಖ್ಯ ಅತಿಥಿ ಭಗವಂತರಾಯರು, ಕಲಬುರ್ಗಿ ಕಡೆ ಶಾಲಾ ಇನ್‌ಸ್ಪೆಕ್ಟರ್ ಆಗಿದ್ದು ನಿವೃತ್ತರಾದವರು, ಈಗ ಬಾಣಸವಾಡಿಯಲ್ಲಿದ್ದಾರೆ. ಕ್ಯಾಸೆಟ್ ಹಾಕಿದೆ. ಆ ಕಿರುಚಾಟ ಶುರುವಾದ ಕೂಡಲೇ ಮಕ್ಕಳೆಲ್ಲ ಕಿವಿ ಮುಚ್ಚಿಕೊಂಡು ಕೇಕೆ ಹಾಕಿದರು. ಟೀವಿಯ ಅಂಚಿನಲ್ಲಿ ಪಟ್ಟೆಗಳು ಓಡಿದವು. ಆಮೇಲೆ ಸದ್ದು ನಿಂತು, ಕಪ್ಪು ಪರದೆಯ ಮೇಲೆ ‘ಅ’ ಗೆರೆಗೆರೆಯಾಗಿ ಮೂಡಿತು. ಮನೆಯಲ್ಲಿ ದೊಡ್ಡ ದೊಡ್ಡ ಬಣ್ಣದ ಆಟ ಆಡುವ ಮಕ್ಕಳು, ಒಂದು ಗೆರೆ ಎಳೆಯುವುದನ್ನು ಬಾಯಿ ತೆರೆದು ನೋಡಿದರು.

ಕೆ.ಆರ್.ಪುರದ ಒಂದು ಹುಡುಗಿ ಆಡಿದಳು. ನಡುವೆ ನಿಲ್ಲಿಸಲಿಲ್ಲ. ‘ಅಃ’ ಮುಗಿಯಿತು. ಪರದೆ ಖಾಲಿಯಾಗಿ, ನಿನ್ನ ಮಾತು ಬಂತು. ಆ ಹುಡುಗಿಗೆ ಓದು ಹೊಸತು, ಜೋರಾಗಿ ಓದಿದಳು: “ಕ-ದ್ದ ಮಾ-ಲು.” ಉಳಿದವರೂ ಸೇರಿಕೊಂಡರು. “ಕದ್ದ ಮಾಲು! ಕದ್ದ ಮಾಲು!” ಇಡೀ ಹಾಲ್ ಕೂಗಿತು. ಅಪ್ಪ ಅಮ್ಮಂದಿರು ಆಟದಲ್ಲಿ ಅದೂ ಒಂದು ತಮಾಷೆಯೆಂದು ನಕ್ಕು ಚಪ್ಪಾಳೆ ತಟ್ಟಿದರು. ಹೌದು, ಚಪ್ಪಾಳೆ. ನಮ್ಮ ಟೀಚರ್ ಶಾಂತಕುಮಾರಿ ಮಾತ್ರ ನನ್ನ ಹತ್ತಿರ ಓಡಿ ಬಂದು, “ಮೇಡಂ, ಇದೇನ್ ಮೇಡಂ ಹಿಂಗ್ ಬಂತು? ಆಫ್ ಮಾಡ್ಬಿಡ್ಲಾ?” ಎಂದಳು. ಬೇಡ ಎಂದೆ.

ನೀನು ಒಂದನ್ನು ಮರೆತೆ. ಆ ಅಂಕಿಗಳನ್ನು ಮೊದಲು ಮಾಡಿದವಳು ನಾನು. ಅಮ್ಮ ಕಸೂತಿ ಹಾಕುವಾಗ ಬಟ್ಟೆಯ ಎಳೆ ಎಣಿಸುವುದನ್ನು ನೋಡಿ, ಅದೇ ರೀತಿ ಒಂದೊಂದು ಅಕ್ಷರವನ್ನೂ ಚೌಕದ ಮೇಲೆ ಕೂರಿಸಿ, ಎಂಟು ಮನೆಗೆ ಒಂದು ಅಂಕಿಯಂತೆ ಲೆಕ್ಕ ಹಾಕಿದವಳು. ಅರವತ್ತು ಎಂದರೆ ನಿನಗೆ ಅಂಕಿ. ನನಗೆ ಅದು ಎಂಟು ಮನೆಯ ನಡುವೆ ನಾಲ್ಕು ಹೊಲಿಗೆ. ನಿನ್ನ ಕೊನೆಯ ಭಾಗ ಕೈಗೆ ಬಂದ ದಿನ, ಟೈಪ್ ಮಾಡುವ ಮೊದಲೇ, ಅಂಚೆಯವನು ಗೇಟು ದಾಟುವಷ್ಟರಲ್ಲಿ ಓದಿದ್ದೆ. ಅದಕ್ಕೇ ಇನ್ನೊಂದು ಸಲ ನೋಡು ಎಂದು ಬರೆದೆ. “ಒಂದನ್ನೂ ಮುಟ್ಟಬೇಡ” ಎಂದು ನೀನು ಕಾರ್ಡು ಹಾಕಿದೆ.

ಅಳಿಸಿ ‘ಶಾಬಾಸ್’ ಹಾಕಲು ನನಗೆ ಕಾಲು ಗಂಟೆ ಸಾಕಿತ್ತು. ಹಾಕಿದ್ದರೆ ನಿನ್ನದನ್ನು ಎರಡನೇ ಸಲ ಕದ್ದ ಹಾಗಾಗುತ್ತಿತ್ತು. ನನ್ನನ್ನು ಮತ್ತೆ ಕಳ್ಳಿ ಎನ್ನುವ ಸುಖ ನಿನಗೆ ಕೊಡಲು ಮನಸ್ಸಾಗಲಿಲ್ಲ. ‘ದ್ದ’ದ ಒತ್ತನ್ನು ಮಾತ್ರ ತಿದ್ದಿದೆ. ನೀನು ಬರೆದ ಒತ್ತು ಮುರಿದ ಕೊಂಡಿಯ ಹಾಗಿತ್ತು. ನನ್ನನ್ನು ಬೈಯುವ ಮಾತಾದರೂ ಅಕ್ಷರ ನೆಟ್ಟಗಿರಲಿ.

ನಗು ನಿಂತ ಮೇಲೆ ಭಗವಂತರಾಯರು ಎದ್ದು ಕೇಳಿದರು: “ಅಲ್ಲವ್ವಾ, ಯಾರ್ ಕದ್ದಾರ? ಏನ್ ಕದ್ದಾರ?” ಅವರೊಬ್ಬರು ನಕ್ಕಿರಲಿಲ್ಲ. ನಾನು ಮೈಕಿನಲ್ಲಿ ಹೇಳಿದೆ: “ಇದನ್ನ ಬರೆದವ್ಳು ರಾಯಚೂರಿನ ಜಯಮಾಲಾ. ಈ ಕೇಂದ್ರದ ಹೆಸರೂ ಅವಳು ಇಟ್ಟಿದ್ದು. ಹಾಗ್ಯಾಕೆ ಬರೆದ್ಳು ಅನ್ನೋದನ್ನ ಅವಳೇ ಹೇಳ್ಬೇಕು.” ಅಮ್ಮ ಹಿಂದಿನ ಕುರ್ಚಿಯಿಂದ ಎದ್ದು ಹೊರಗೆ ಹೋದರು. ಭಗವಂತರಾಯರು, “ಹಂಗಾರ ಕರಸ್ರಿ ಆಕಿನ್ನ. ನಾವೂ ಕೇಳ್ತೀವಿ” ಎಂದು ಕೂತರು.

ಆದ್ದರಿಂದ ಕರೆಯುತ್ತಿದ್ದೇನೆ. ಜನವರಿ ಒಂಬತ್ತು, ಭಾನುವಾರ, ಅದೇ ಹಾಲ್, ಅದೇ ಜನ. ಬಂದು ಮೈಕ್ ಹಿಡಿದು ಹೇಳು. ಅಂಕಿಗಳ ಹಿಂದೆ ಕೂತು, ಅಷ್ಟು ದೂರದಿಂದ, ಒಂದು ಮಗುವಿನ ಬಾಯಲ್ಲಿ ಬೈಯಿಸುವುದು ಸುಲಭ. ಹನ್ನೆರಡು ವರ್ಷ ನೀನು ನನ್ನನ್ನು ಒಂದು ಮಾತು ಕೇಳಲಿಲ್ಲ. ಕೇಳಿದ್ದರೆ ನಾನು ಏನಾದರೂ ಹೇಳಿ ತಪ್ಪಿಸಿಕೊಳ್ಳುತ್ತಿದ್ದೆ, ಅದು ನನಗೂ ಗೊತ್ತು. ಆದರೂ ನೀನು ಕೇಳಬೇಕಿತ್ತು.

ಬರುವ ಧೈರ್ಯವಿದ್ದರೆ ಬರೆ.

ಅಂಜಲಿ

*

ರಾಯಚೂರು
೨ ಡಿಸೆಂಬರ್ ೨೦೦೪

ಅಂಜಲಿ,

ನಿನ್ನ ಕಾಗದವನ್ನು ಈ ಸಲ ಮನೆಗೆ ತಂದು ಓದಿದೆ. ಮಕ್ಕಳು ಕೂಗಿದ್ದು, ಜನ ನಕ್ಕದ್ದು, ಎಲ್ಲ ಓದಿದಾಗ ಬಾರದ ಸಿಟ್ಟು ‘ದ್ದ’ದ ಒತ್ತು ತಿದ್ದಿದ್ದನ್ನು ಓದಿದಾಗ ಬಂತು. ಎದ್ದು ಅಡುಗೆಮನೆಗೆ ಹೋಗಿ ನೀರು ಕುಡಿದು ಬಂದೆ. ಆಮೇಲೆ ಚೌಕುಳಿ ಹಾಳೆ ತೆಗೆದು ನಾನು ಬರೆದದ್ದನ್ನು ನೋಡಿದೆ. ನಿಜ, ಸೊಟ್ಟಗೇ ಇತ್ತು.

ನೀನು ಮೈಕಿನಲ್ಲಿ ನನ್ನ ಹೆಸರು ಹೇಳಿದ್ದಕ್ಕೆ ನಾನು ಕರಗುತ್ತೇನೆಂದು ಎಣಿಸಿದ್ದರೆ, ಇಲ್ಲ. ಅದು ಸಿಕ್ಕಿಬಿದ್ದವರು ಹೇಳುವ ಮಾತು. ಬರೆದವಳು ಜಯಮಾಲಾ ಎಂದೆ. ಅದರ ಮೇಲೆ ತನ್ನ ಹೆಸರು ಹಾಕಿಕೊಂಡವಳು ಯಾರೆಂದು ಹೇಳಲಿಲ್ಲ. ಅಲ್ಲಿಯೂ ಒಂದು ಮಾತು ಹೇಳದೆ ಬಿಟ್ಟೆ.

ರೈಲಿಗೆ ಟಿಕೆಟ್ ತೆಗೆಸಿದ್ದೇನೆ. ನಿಮ್ಮ ಮನೆಯಲ್ಲಿ ಇಳಿಯುವುದಿಲ್ಲ. ಬಾಣಸವಾಡಿಯಲ್ಲಿ ನನ್ನ ಸೋದರಮಾವ ಸಾಯಬಣ್ಣ ಇದ್ದಾನೆ, ಅಲ್ಲಿಂದ ನೇರ ಹಾಲಿಗೆ ಬರುತ್ತೇನೆ. ಹಾರ, ಶಾಲು ಏನೂ ತರಿಸಬೇಡ. ನನಗೆ ಮೈಕ್ ಸಾಕು.

ಅಕ್ಷರಗಳು ನಿನ್ನವು. ಅದನ್ನು ಮೊದಲ ಮಾತಾಗಿ ಹೇಳುತ್ತೇನೆ. ನಿನ್ನ ಮೇಲಿನ ಪ್ರೀತಿಗಲ್ಲ; ಅದನ್ನು ನುಂಗಿಕೊಂಡು ಮಾತಾಡಿದರೆ ನನಗೂ ನಿನಗೂ ವ್ಯತ್ಯಾಸ ಉಳಿಯುವುದಿಲ್ಲ. ಆಮೇಲೆ ರೈಲಿನ ಕಿಟಕಿಯಿಂದ ನಿನಗೆ ಹೇಳಿದ್ದನ್ನು ಹೇಳುತ್ತೇನೆ. ಆಸ್ಪತ್ರೆಯಲ್ಲಿ ಇಡ್ಲಿಯ ಪೇಪರಿನಲ್ಲಿ ಓದಿದ್ದನ್ನು ಹೇಳುತ್ತೇನೆ. ನಿಮ್ಮ ಬಾಗಿಲಲ್ಲಿ ಕೇಳಿಸಿಕೊಂಡದ್ದನ್ನು, ಕೇಳಿಸಿಕೊಂಡ ಹಾಗೇ, ನಿಮ್ಮಮ್ಮನ ಧಾಟಿಯಲ್ಲೇ ಹೇಳುತ್ತೇನೆ. ಮಕ್ಕಳಿದ್ದಾರೆಂದು ಏನನ್ನೂ ಮೆತ್ತಗೆ ಮಾಡುವುದಿಲ್ಲ. ಅವರಿಗೆ ಓದು ಬರುತ್ತದೆ, ಇದೂ ತಿಳಿಯಲಿ.

ಕಮಲವ್ವನವರು ಈ ಸಲ ಎದ್ದು ಹೋಗದ ಹಾಗೆ ನೋಡಿಕೋ. ಇಬ್ಬರೂ ಮುಂದಿನ ಸಾಲಿನಲ್ಲಿ ಕೂತಿರಿ.

ಜಯಮಾಲಾ